ಬಸ್‌ಸ್ಟ್ಯಾಂಡಿನಲ್ಲಿ ಕೂತವಳು ಚುನಾವಣೆಗೆ ನಿಂತದ್ದು

ಆ ಊರಿನ ಗಂಡಸರು ಹೆಂಡತಿಯ ಮಾತು ಕೇಳುತ್ತಿರಲಿಲ್ಲ. ತಾಯಿಯ ಮಾತನ್ನು ಕೇಳಿದಂತೆ ಮಾಡಿ ಕೇಳುತ್ತಿರಲಿಲ್ಲ. ಮಗಳ ಮಾತಿಗೆ ನಕ್ಕು, ತಲೆ ಸವರಿ, ಆಮೇಲೆ ಕೇಳುತ್ತಿರಲಿಲ್ಲ. ಆದರೆ ಮೈಕಕ್ಕನ ಮಾತನ್ನು ಮಾತ್ರ ಕೇಳುತ್ತಿದ್ದರು. ಕೇಳುವುದೇನು, ಕಿವಿಗೆ ಬಿದ್ದ ತಕ್ಷಣ ಓಡುತ್ತಿದ್ದರು. ಅರ್ಧ ಕುಡಿದ ಚಹಾ ಬಿಟ್ಟು, ಬಗಲಲ್ಲಿ ಗಂಟು ಸಿಕ್ಕಿಸಿಕೊಂಡು, ಬಾಯಲ್ಲಿ ಟಿಕೆಟು ಕಚ್ಚಿಕೊಂಡು ಓಡುತ್ತಿದ್ದರು. ಅವಳು ಎರಡನೇ ಅಂಕಣ ಎಂದರೆ ಎರಡನೆಯದಕ್ಕೆ. ಅಲ್ಲ, ಐದನೆಯದು ಎಂದರೆ ತುಟಿಪಿಟಕ್ಕೆನ್ನದೆ ಐದನೆಯದಕ್ಕೆ. ಊರಿಗೆ ದನಿಯೂ ಅವಳೇ, ಧಣಿಯೂ ಅವಳೇ.

ಅಷ್ಟಾಗಿಯೂ ಅವಳ ಮುಖ ಕಂಡವರು ಕಡಿಮೆ. ಬಸ್‌ಸ್ಟ್ಯಾಂಡಿನಲ್ಲಿ ಪಾರ್ಸೆಲ್ ಆಫೀಸಿಗೂ ಕಂಟ್ರೋಲರ್ ಕೋಣೆಗೂ ನಡುವೆ, ಒಂದು ಬೀರು ನಿಲ್ಲಿಸಿದರೆ ತುಂಬಿಹೋಗುವಷ್ಟು ಜಾಗದಲ್ಲಿ, ಮೈಕು, ಮೇಜು ಮತ್ತು ಕುತ್ತಿಗೆ ಮುರಿದ ಫ್ಯಾನಿನ ಜೊತೆ ಅವಳನ್ನು ಕೂರಿಸಿದ್ದರು. ಕೆಲಸಕ್ಕೆ ಸೇರಿದ ವಾರದಲ್ಲೇ ಯಾರೋ ಮರ್ಯಾದಸ್ಥರು, ಹೆಂಗಸು ಹೀಗೆ ನಾಲ್ಕು ಜನಕ್ಕೆ ಕಾಣುವಂತೆ ಕೂರುವುದು ಚೆಂದವಲ್ಲವೆಂದು ದೂರು ಕೊಟ್ಟರು. ಕಿಟಕಿಯ ಗಾಜಿಗೆ ಹಸಿರು ಬಣ್ಣ ಬಿತ್ತು. ಬಳಿದವನು ಅವಸರದಲ್ಲಿ ಕೆಳಗಿನ ಒಂದು ಮೂಲೆ ಬಿಟ್ಟಿದ್ದ. ಆ ಮೂಲೆಯಿಂದ ಅವಳಿಗೆ ಬಸ್ಸುಗಳ ಚಕ್ರಗಳೂ ಜನರ ಕಾಲುಗಳೂ ಕಾಣುತ್ತಿದ್ದವು. ಹೀಗಾಗಿ ಅವಳು ಊರಿನವರನ್ನು ಕಾಲಿನಿಂದ ಗುರುತಿಸುತ್ತಿದ್ದಳು, ಊರಿನವರು ಅವಳನ್ನು ದನಿಯಿಂದ. ಮುಖ ನೋಡಿ ಮಣೆ ಹಾಕುವ ಪ್ರಶ್ನೆ ಎರಡೂ ಕಡೆ ಇರಲಿಲ್ಲ.

ಆ ಮೈಕಿನಲ್ಲಿ ಅವಳು ಸ್ವಂತದ್ದೊಂದು ವಾಕ್ಯ ಆಡಿದವಳಲ್ಲ. ಪ್ರಯಾಣಿಕರ ಗಮನಕ್ಕೆ ಎಂಬಲ್ಲಿ ಶುರುವಾಗಿ ಹೊರಡಲು ಸಿದ್ಧವಾಗಿದೆ ಎಂಬಲ್ಲಿ ಮುಗಿಯುವ ಮಾತೆಲ್ಲ ಇಲಾಖೆಯದು. ಅವಳದು ಉಸಿರು ಮಾತ್ರ.

ಮನೆಗೆ ಬಂದರೆ ಆ ದನಿಯ ಸ್ವಿಚ್ಚು ಆರುತ್ತಿತ್ತು. ಅದು ಅಣ್ಣತಮ್ಮಂದಿರು ಒಟ್ಟಿಗಿದ್ದ ಮನೆ. ಕೆಳಗೆ ಬೀದಿಗೆ ತೆರೆದ ಕೋಣೆಯಲ್ಲಿ ಅವಳ ಗಂಡನ ಬೀಗ ರಿಪೇರಿ ಅಂಗಡಿ. ಮಹಡಿಯ ಮೇಲೆ ಗಂಡನ ಅಣ್ಣ, ಅಂದರೆ ಅವಳ ಭಾವನವರು. ನಡುವೆ ಮೆಟ್ಟಿಲ ಬುಡದ ಕೋಣೆಯಲ್ಲಿ, ಇಬ್ಬರು ಗಂಡುಮಕ್ಕಳ ಮೇಲೂ ಕಣ್ಣಿಡಲು ಅನುಕೂಲವಾಗುವಂತೆ, ಅತ್ತೆ. ಭಾವನವರದು ಬಟ್ಟೆ ಅಂಗಡಿ, ಅದರ ಮೇಲೆ ಪುರಸಭೆಯ ಅಧ್ಯಕ್ಷಗಿರಿ. ಮದುವೆಯಾಗಿರಲಿಲ್ಲ. ಜೀವನ ಊರಿಗೆ ಮುಡಿಪು ಎಂದು ಅವರು ಹೇಳುತ್ತಿದ್ದರು. ಹುಡುಗಿ ಒಪ್ಪಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು.

ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡಬಾರದು ಎನ್ನುವುದು ಆ ಮನೆಯ ಕಟ್ಟಳೆ. ಮಾತಾಡಲೇಬೇಕಾದರೆ ನಡುವೆ ಅತ್ತೆ ಬೇಕು. ಅತ್ತೆ ಇಲ್ಲದಿದ್ದರೆ ಗೋಡೆ. "ನಲ್ಲೀಲಿ ನೀರು ಬಂತು" ಎಂದು ಇವಳು ಗೋಡೆಗೆ ಹೇಳಿದರೆ, "ಸರಿ" ಎಂದು ಭಾವನವರು ಅದೇ ಗೋಡೆಗೆ ಉತ್ತರ ಕೊಡುತ್ತಿದ್ದರು. ಗೋಡೆಗೂ ಕಿವಿ ಇರುವುದನ್ನು ಎಲ್ಲರೂ ಬಲ್ಲರು. ಆ ಮನೆಯಲ್ಲಿ ಅದಕ್ಕೆ ಬಾಯಿಯೂ ಇತ್ತು. ಮನೆಯಲ್ಲಿ ಅವಳ ಮಾತು ನೇರ ಕೇಳಬಾರದ ಇದೇ ಭಾವನವರು, ಅಂಗಡಿಗೆ ಮಾಲು ತರಲು ಹೋಗುವ ದಿನ, ಅವಳು ಮೈಕಿನಲ್ಲಿ ಕರೆದ ಕೂಡಲೇ ಹೊಳೆಯುವ ಕಂದು ಬೂಟುಗಳಲ್ಲಿ ಎಲ್ಲರಿಗಿಂತ ಮುಂದೆ ಓಡುವುದನ್ನು ಅವಳು ಹಸಿರು ಗಾಜಿನ ಮೂಲೆಯಿಂದ ನೋಡುತ್ತಿದ್ದಳು. ಈ ಸುಖವನ್ನು ಗಂಡನೊಬ್ಬನಿಗೆ ಹೇಳಿದ್ದಳು. ಅವನು ಹೇಳಿ ಕೇಳಿ ಬೀಗದವನು. ಬಾಯಿಗೂ ಅದನ್ನೇ ಹಾಕಿಕೊಂಡಿದ್ದ. ಹೆಂಡತಿಯ ಬಗ್ಗೆ ಒಳಗೊಳಗೇ ಬೀಗುತ್ತಿದ್ದ, ಅಷ್ಟೆ.

ಎಲ್ಲ ಹೀಗೆ ಸುಸೂತ್ರವಾಗಿ ನಡೆಯುತ್ತಿದ್ದಾಗ ತೊಂದರೆ ತಂದದ್ದು ಒಂದು ಬಾಗಿಲು.

ಪಾರ್ಸೆಲ್ ಆಫೀಸಿನ ಆ ಪಕ್ಕಕ್ಕೆ ಒಂದು ಕೋಣೆಯಿತ್ತು. ಬಾಗಿಲ ಮೇಲೆ ಹೆಂಗಸಿನ ತಲೆಯ ಚಿತ್ರ, ಅದರ ಕೆಳಗೆ 'ಸ್ತ್ರೀಯರಿಗೆ' ಎಂಬ ಬರಹ, ಅದರ ಕೆಳಗೆ ಮುಷ್ಟಿ ಗಾತ್ರದ ಬೀಗ. ಊರಿನ ಹೆಂಗಸರ ಪಾಯಿಖಾನೆ ಅದು, ಕಟ್ಟಿಸಿದವರ ಪ್ರಕಾರ. ಈಗ ಅದರೊಳಗೆ ಹಳೇ ಟೈರುಗಳಿದ್ದವು. ಬೀಗದ ಕೈ ಕಂಟ್ರೋಲರ್ ಕೋಣೆಯಲ್ಲಿ, ಅವರ ತಲೆಯ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಬೇಕಾದವರು ಹೋಗಿ ಕೇಳಬಹುದು. ಟೈರು ಬದಿಗೆ ಸರಿಸಿಕೊಂಡು ಹೋಗಬಹುದು. ಯಾರೂ ಕೇಳುತ್ತಿರಲಿಲ್ಲ. ಕಂಟ್ರೋಲರ್ ಕೋಣೆಯ ತುಂಬ ಯಾವಾಗಲೂ ಡ್ರೈವರುಗಳು, ಕಂಡಕ್ಟರುಗಳು, ಕೆಲಸವಿಲ್ಲದೆ ಚಹಾ ಕುಡಿಯುವವರು. ಮೈಕಕ್ಕ ತನ್ನ ಮೂಲೆಯಿಂದ ದಿನಾ ನೋಡುತ್ತಿದ್ದಳು: ಹೆಂಗಸರ ಕಾಲುಗಳು ಆ ಬಾಗಿಲ ತನಕ ಬರುತ್ತವೆ, ಬೀಗದ ಮುಂದೆ ನಿಲ್ಲುತ್ತವೆ, ಕಂಟ್ರೋಲರ್ ಕೋಣೆಯ ಕಡೆ ಎರಡು ಹೆಜ್ಜೆ ಇಡುತ್ತವೆ, ಆಮೇಲೆ ಏನೋ ಮರೆತವರಂತೆ ತಿರುಗಿ ಹೋಗಿ ಬಸ್ಸು ಹತ್ತುತ್ತವೆ. ಅವಳಿಗೇನೋ ಮನೆ ಹತ್ತಿರ. ಮಧ್ಯಾಹ್ನ ಹೋಗಿ ಬರುತ್ತಿದ್ದಳು. ಬಸ್ಸಿನಲ್ಲಿ ಅರ್ಧ ದಿನ ಕೂರಬೇಕಾದವರ ಗತಿಯೇನು ಎಂದು ಅವಳು ಯೋಚಿಸಲಿಲ್ಲ ಎಂದಲ್ಲ. ಯೋಚಿಸಿ, ಮುಂದಿನ ಬಸ್ಸನ್ನು ಕೂಗುತ್ತಿದ್ದಳು.

ಒಂದು ದಿನ ಆ ಬಾಗಿಲಿಗೆ ಬಂದ ಕಾಲುಗಳು ಅತ್ತೆಯವು. ಮಗಳ ಮನೆಗೆ ಹೊರಟಿದ್ದರು, ದೂರದ ದಾರಿ. ಅತ್ತೆ ಅಂದರೆ ಸಾಮಾನ್ಯರಲ್ಲ. ತರಕಾರಿಯವನು ಅವರ ದನಿ ಕೇಳಿದರೆ ತಕ್ಕಡಿಗೆ ತಾನೇ ಇನ್ನೊಂದು ಹಿಡಿ ಹಾಕುತ್ತಿದ್ದ. ಅವರು ಹಿಂದೆಮುಂದೆ ನೋಡದೆ ಕಂಟ್ರೋಲರ್ ಕೋಣೆಗೆ ನುಗ್ಗಿದರು. ಗೋಡೆಯಾಚೆ ಕೂತ ಸೊಸೆಗೆ ಪ್ರತಿ ಅಕ್ಷರವೂ ಕೇಳಿಸಿತು.

"ಬೀಗದ ಕೈ ಕೊಡಪ್ಪ."

"ಯಾವುದರದ್ದಮ್ಮ?"

"ಆ ಕೋಣೆದು."

"ಆ ಕೋಣೇಲಿ ಏನು ಕೆಲಸ ನಿಮಗೆ?"

ಕಂಟ್ರೋಲರ್ ಕೆಟ್ಟವರಲ್ಲ. ಯಾರು ಏನು ಕೇಳಿದರೂ ಯಾಕೆ ಎಂದು ಕೇಳುವುದು ಅವರ ಅಭ್ಯಾಸ. ಟೈಮೆಷ್ಟು ಎಂದರೂ ಯಾಕೆ ಎನ್ನುತ್ತಿದ್ದರು. ಆದರೆ ಆ ಕ್ಷಣ ಕೋಣೆಯಲ್ಲಿ ಚಹಾ ಹೀರುವ ಸದ್ದು ಪೂರಾ ನಿಂತಿತು. ಅಷ್ಟೂ ಗಂಡಸರು ಉತ್ತರಕ್ಕೆ ಕಾದರು.

"ಏನಿಲ್ಲ," ಎಂದರು ಅತ್ತೆ. "ಟೈರು ಚೆನ್ನಾಗಿವೆಯಾ ನೋಡೋಣ ಅಂತ."

ಆ ಕಾಲುಗಳು ಹೊರಬಂದು, ಹೊರಡಲು ಸಿದ್ಧವಾಗಿದ್ದ ಬಸ್ಸನ್ನು ದಾಟಿ, ಗೇಟು ದಾಟಿ, ಮನೆಯ ಕಡೆ ಹೋದವು.

ಸಂಜೆ ಸೊಸೆ ಬಂದಾಗ ಅತ್ತೆ ಮೆಟ್ಟಿಲ ಬುಡದಲ್ಲಿ ಸುಮ್ಮನೆ ಕೂತಿದ್ದರು. ಆ ಮನೆಯಲ್ಲಿ ಅತ್ತೆ ಸುಮ್ಮನಿರುವುದು ಅಂದರೆ ಗಡಿಯಾರ ನಿಂತ ಹಾಗೆ.

"ನನ್ನ ಕರೀಬಾರದಿತ್ತಾ ಅತ್ತೆ? ಪಕ್ಕದಲ್ಲೇ ಇದ್ದೆನಲ್ಲ."

"ಕರೆದು ಏನು ಮಾಡ್ಲಿ? ಮೈಕಲ್ಲಿ ಹೇಳಿಸ್ಲಾ?" ಎಂದರು ಅತ್ತೆ. ಆಮೇಲೆ ಮುಖ ಆ ಕಡೆ ಮಾಡಿ, "ಈ ವಯಸ್ಸಲ್ಲಿ ನನ್ನನ್ನ ಚಿಕ್ಕ ಹುಡುಗಿ ಮಾಡಿಬಿಟ್ಟರು ಕಣೇ," ಎಂದರು.

ಮರುದಿನ ಬೆಳಿಗ್ಗೆ ಸೊಸೆ ನೇರ ಕಂಟ್ರೋಲರ್ ಮುಂದೆ ನಿಂತಳು. ಟೈರು ತೆಗೆಸಿ, ಕೋಣೆ ತೆರೆಯಬೇಕು ಎಂದಳು.

"ಯಾಕೆ?" ಎಂದರು ಅವರು, ಆಮೇಲೆ ತಾವೇ ಕೆಂಪಾದರು. "ನನ್ನ ಕೈಲಿ ಏನೂ ಇಲ್ಲಮ್ಮ. ಪುರಸಭೆಯವರು ಠರಾವು ಮಾಡಬೇಕು."

ಪುರಸಭೆ ಅಂದರೆ ಭಾವನವರು. ಊಟದ ಹೊತ್ತಿಗೆ ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತಳು, ಭಾವನವರು ತಟ್ಟೆಯ ಮುಂದೆ, ನಡುವೆ ಅತ್ತೆ.

"ಅತ್ತೆ, ಆ ಕೋಣೆ ವಿಷಯ ಸಭೇಲಿ ಎತ್ತಬೇಕಂತೆ, ಹೇಳಿ."

"ಎತ್ತಬೇಕಂತೆ," ಎಂದರು ಅತ್ತೆ.

"ಅಂಥದ್ದೆಲ್ಲ ಎತ್ತೋಕಾಗಲ್ಲ ಅಮ್ಮ. ಸಭ್ಯರು ಕೂತಿರೋ ಸಭೆ ಅದು."

"ಸಭ್ಯರು ಯಾರೂ ಹೋಗಲ್ವಂತಾ ಕೇಳಿ."

"ನೀನು ಹೋಗಲ್ವೇನೋ ಅಂತ ಕೇಳ್ತಿದಾಳೆ," ಎಂದರು ಅತ್ತೆ. ಸಂದೇಶ ಒಯ್ಯುವಾಗ ಅವರು ಸ್ವಲ್ಪ ತಮ್ಮದನ್ನೂ ಬೆರೆಸುತ್ತಿದ್ದರು.

ಭಾವನವರು ನೀರು ಕುಡಿದರು. "ಗಂಡಸರ ವಿಷಯ ಬೇರೆ. ಅದು ಸಾರ್ವಜನಿಕ ಪ್ರಶ್ನೆ. ಇದು ಹೆಂಗಸರದ್ದು, ಯಾವ ಗಂಡಸಿಗೆ ಆ ಮಾತಾಡೋಕೆ ಬಾಯಿ ಬರತ್ತೆ? ಹೆಂಗಸರು ಸಭೇಲಿ ಇಲ್ಲವೇ ಇಲ್ಲ. ಮುಗೀತು."

ಅವರು ಪೂರ್ಣವಿರಾಮ ಇಟ್ಟ ಜಾಗದಲ್ಲಿ ಅವಳಿಗೆ ಬಾಗಿಲು ಕಂಡಿತು.

ಊರಿನಲ್ಲಿ ಹೆಂಗಸರು ಚುನಾವಣೆಗೆ ನಿಲ್ಲಬಾರದೆಂಬ ಕಾನೂನೇನೂ ಇರಲಿಲ್ಲ. ಯಾರೂ ನಿಲ್ಲದ್ದರಿಂದ ಕಾನೂನು ಮಾಡುವ ಪ್ರಮೇಯವೇ ಬಂದಿರಲಿಲ್ಲ. ಪುರಸಭೆ ಎಂದು ಬೋರ್ಡಿನಲ್ಲಿದ್ದರೂ ಅದು ಮೊದಲಿನಿಂದಲೂ ಪುರುಷಸಭೆ. ಚುನಾವಣೆ ಹತ್ತಿರದಲ್ಲೇ ಇತ್ತು. ಅವಳ ವಾರ್ಡಿನ ಹಾಲಿ ಸದಸ್ಯರು ಸಿಮೆಂಟ್ ಅಂಗಡಿಯ ಯಜಮಾನರು, ಭಾವನವರ ಜೀವದ ಗೆಳೆಯರು. ಪ್ರತಿಸಲ ಎದುರಾಳಿಯಿಲ್ಲದೆ ಗೆದ್ದವರು. ತೊಡಕು ಒಂದೇ. ಇಲಾಖೆಯ ಸಂಬಳ ತಿನ್ನುವವರು ಚುನಾವಣೆಗೆ ನಿಲ್ಲುವಂತಿಲ್ಲ. ನಿಲ್ಲಬೇಕಾದರೆ ಕೂತ ಕುರ್ಚಿ ಬಿಡಬೇಕು.

ಗಂಡ ಒಂದು ಪೆಟ್ಟಿಗೆಬೀಗವನ್ನು ಎಣ್ಣೆಯಲ್ಲಿ ಅದ್ದಿ ಕೂತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ, "ಆ ಬೀಗ ನಾನು ನೋಡಿದೀನಿ. ಅದಕ್ಕೆ ನಿನ್ನ ಹೇರ್‌ಪಿನ್ ಸಾಕು," ಎಂದ.

"ಕದ್ದು ತೆಗೆದ್ರೆ ಕಳ್ಳತನ. ಕೇಳಿ ತೆಗೆಸಿದ್ರೆ ರಾಜಕೀಯ."

"ಹೌದಾ? ಎರಡೂ ಒಂದೇ ಅಂದ್ಕೊಂಡಿದ್ದೆ." ಅವನು ಬೀಗ ಒರೆಸಿದ. "ಸೋತರೆ?"

"ಸೋತರೆ ಆ ಕುರ್ಚಿಯೂ ಇಲ್ಲ, ಈ ಕುರ್ಚಿಯೂ ಇಲ್ಲ. ಕೋಣೆಗೆ ಬೀಗ ಹಾಗೇ."

"ಇಲ್ಲಿ ಒಂದು ಸ್ಟೂಲಿದೆ," ಎಂದ ಗಂಡ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ರಾಜೀನಾಮೆ ಕೊಟ್ಟಳು, ನಾಮಪತ್ರವನ್ನೂ ಕೊಟ್ಟಳು. ಭಾವನವರು ಮಹಡಿಯಿಂದ ಇಳಿದು ಅತ್ತೆಯ ಕೋಣೆ ಮುಂದೆ ಸಿಡಿದರು. "ನಮ್ಮ ಮನೆ ಹೆಂಗಸು, ನನ್ನ ಗೆಳೆಯನ ವಿರುದ್ಧ. ನಾನು ಊರಲ್ಲಿ ಹೇಗೆ ತಲೆ ಎತ್ತಲಿ?"

"ಕೂದಲು ಉದುರಿದ ಮೇಲೆ ನೀನು ತಲೆ ಎತ್ತೋದೇ ಇಲ್ವಲ್ಲೋ," ಎಂದರು ಅತ್ತೆ. "ನಾನೇನೂ ಅವಳ ಕಡೆ ಅಲ್ಲಪ್ಪ. ನನಗೆ ರಾಜಕೀಯ ಗೊತ್ತಾಗಲ್ಲ." ಹೀಗೆಂದವರು ಮರುದಿನದಿಂದ ಮನೆ ಮನೆಗೆ ಹೋಗಿ, ತಮಗೆ ರಾಜಕೀಯ ಗೊತ್ತಾಗುವುದಿಲ್ಲವೆಂದೂ ಆದರೆ ಸೊಸೆ ನಿಂತಿದ್ದಾಳೆಂದೂ ಹೇಳತೊಡಗಿದರು.

ಮೊದಲ ಅಡ್ಡಿ ಪ್ರೆಸ್ಸಿನಲ್ಲಿ ಎದುರಾಯಿತು. ಪೋಸ್ಟರಿಗೆ ಫೋಟೋ ಕೊಟ್ಟರೆ ಪ್ರೆಸ್ಸಿನವನು ಅದನ್ನು ಮುಟ್ಟಲೇ ಇಲ್ಲ.

"ಹೆಂಗಸಿನ ಮುಖ ಗೋಡೆಗೆ ಅಂಟಿಸಿದ್ರೆ ನನ್ನ ಅಂಗಡಿಗೆ ಕಲ್ಲು ಬೀಳತ್ತೆ ಅಕ್ಕ. ಗುಲಾಬಿ ಹಾಕ್ತೀನಿ. ಹೆಂಗಸರು ತೀರಿಹೋದಾಗಲೂ ನಾವು ಫೋಟೋ ಜಾಗದಲ್ಲಿ ಗುಲಾಬೀನೇ ಹಾಕೋದು."

"ನಾನಿನ್ನೂ ಇದೀನಲ್ಲ."

"ಅದಕ್ಕೇ ಅರಳಿರೋದು ಹಾಕ್ತೀನಿ."

"ಗುಲಾಬಿಗೆ ಯಾರು ಓಟು ಹಾಕ್ತಾರೆ? ಜನಕ್ಕೆ ಗೊತ್ತಿರೋದು ನನ್ನ ದನಿ."

"ದನೀನ ಹೇಗೆ ಪ್ರಿಂಟ್ ಮಾಡ್ಲಿ?"

ಹಗ್ಗಜಗ್ಗಾಟದ ಕೊನೆಗೆ ಒಂದು ಮೈಕಿನ ಚಿತ್ರಕ್ಕೆ ರಾಜಿಯಾಯಿತು. ಪೋಸ್ಟರು ಅಂಟಿದ ಮರುದಿನವೇ ಇಬ್ಬರು ಮನೆಗೆ ಬಂದು ಮೈಕ್‌ಸೆಟ್ಟು ಬಾಡಿಗೆಗೆ ಎಷ್ಟು ಎಂದು ಕೇಳಿ ಹೋದರು.

ಅಪ್ಪಟ ಅನಾಹುತ ಆದದ್ದು ಮೊದಲ ಸಭೆಯಲ್ಲಿ. ಬಸ್‌ಸ್ಟ್ಯಾಂಡಿನ ಹಿಂದಿನ ಬಯಲಿನಲ್ಲಿ, ಸಂತೆ ಕರಗುವ ಹೊತ್ತಿಗೆ ಇಟ್ಟುಕೊಂಡಿದ್ದರು. ಇಷ್ಟು ವರ್ಷ ಕೇಳಿದ ದನಿಗೆ ಮುಖ ಹೇಗಿದೆ ಎಂದು ನೋಡಲು ಜನ ಜಾತ್ರೆಯ ಹಾಗೆ ಸೇರಿದರು. ಸಿಮೆಂಟಿನ ಯಜಮಾನರೂ ಮೋಜು ನೋಡಲು ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ಮೈಕಕ್ಕ ವೇದಿಕೆ ಹತ್ತಿದಳು. ಮುಖಗಳು, ಎಲ್ಲೆಲ್ಲೂ ಮುಖಗಳು. ಅವಳಿಗೆ ಅಭ್ಯಾಸವಿದ್ದದ್ದು ಕಾಲುಗಳು. ಉರುಹೊಡೆದು ಬಂದಿದ್ದ ಭಾಷಣ ಆವಿಯಾಯಿತು. ಕೈ ತಾನಾಗಿ ಮೈಕನ್ನು ಹತ್ತಿರಕ್ಕೆ ಎಳೆಯಿತು; ಅಷ್ಟು ವರ್ಷದ ಅಭ್ಯಾಸ ಅವಳ ಗಂಟಲಿನಲ್ಲಿ ಎದ್ದು ಕೂತಿತು.

"ಮತದಾರರ ಗಮನಕ್ಕೆ," ಎಂದಳು.

ಮತದಾರರು ಎಂಬ ಮಾತು ಸ್ಪಷ್ಟವಾಗಿಯೇ ಕೇಳಿಸಿತ್ತು. ಆದರೆ ಅದು ಆ ದನಿ, ಆ ರಾಗ, ಕೊನೆಯಲ್ಲಿ ಆ ಎಳೆತ. ಮುಂದಿನ ಸಾಲಿನವರು ಗಂಟು ಎತ್ತಿಕೊಂಡರು. ಅವರು ಎದ್ದದ್ದು ನೋಡಿ ಹಿಂದಿನವರು ಎದ್ದರು. ಯಾರೋ ಓಡಿದರು. ಒಬ್ಬರು ಓಡಿದ ಮೇಲೆ ಸೀಟು ಸಿಗುವುದಿಲ್ಲವೆಂದು ಎಲ್ಲರೂ ಓಡಿದರು. ನೋಡನೋಡುತ್ತ ಬಯಲು ಖಾಲಿ. ಕಟ್ಟೆಯ ಮೇಲಿದ್ದ ಸಿಮೆಂಟಿನ ಯಜಮಾನರೂ, ಮನೆ ನಾಲ್ಕು ಮಾರು ದೂರವಿದ್ದವರು, ಬಸ್‌ಸ್ಟ್ಯಾಂಡಿನ ಗೇಟಿನ ತನಕ ಓಡಿಹೋಗಿ ಅಲ್ಲಿ ನೆನಪಾಗಿ ನಿಂತರಂತೆ. ಉಳಿದವರು ಅತ್ತೆ, ಗಂಡ, ಮೈಕಿನ ಬಾಡಿಗೆಯವನು. ಸ್ವಲ್ಪ ಹೊತ್ತಿಗೆ ಒಬ್ಬ ಮುದುಕರು ಏದುಸಿರು ಬಿಡುತ್ತ ವಾಪಸು ಬಂದು, "ಯಾವ ಅಂಕಣ ಅಂತ ಹೇಳಲೇ ಇಲ್ವಲ್ಲಮ್ಮ ನೀನು," ಎಂದು ಬೈದರು.

ಊರು ನಕ್ಕದ್ದು ನಕ್ಕದ್ದೇ. ಸಿಮೆಂಟಿನ ಯಜಮಾನರು ತಾವು ಓಡಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಂಗಡಿಗೆ ಬಂದವರಿಗೆಲ್ಲ ವರ್ಣಿಸಿದರು. ಇತ್ತ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರೇ ಮೈಕು ಹಿಡಿದಿದ್ದರು. ಅವರ ಕೂಗಿನಲ್ಲಿ ಅರ್ಧ ಕೆಮ್ಮು, ಉಳಿದರ್ಧದಲ್ಲಿ ಯಾವ ಊರಿನ ಬಸ್ಸೆಂದು ಅವರಿಗೂ ಸಂಶಯ. ಬಸ್ಸು ತಪ್ಪಿಸಿಕೊಂಡವರು ಬೈದದ್ದು ಕಂಟ್ರೋಲರನ್ನಲ್ಲ. "ಇವಳಿಗೆ ಯಾಕೆ ಬೇಕಿತ್ತು ರಾಜಕೀಯ? ತೆಪ್ಪಗೆ ಕೂಗಿಕೊಂಡು ಇರಬಾರದಿತ್ತಾ?"

ನಾಮಪತ್ರ ಹಿಂದಕ್ಕೆ ಪಡೆಯುವ ದಿನ ಕಂಟ್ರೋಲರ್ ಬೀಗದಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು ಕೀಲಿಗೊಂಚಲು ಉಜ್ಜುತ್ತಿದ್ದ ಅವಳನ್ನು ನೋಡಿ ಅವರಿಗೇ ನಾಚಿಕೆಯಾಯಿತು.

"ನೋಡಮ್ಮ, ನಿನ್ನ ರಾಜೀನಾಮೆ ಇನ್ನೂ ಮೇಲಕ್ಕೆ ಕಳಿಸಿಲ್ಲ. ಇವತ್ತು ನಾಮಪತ್ರ ಹಿಂದಕ್ಕೆ ತಗೊಂಡ್ರೆ ನಾಳೆಯಿಂದ ನಿನ್ನ ಕುರ್ಚಿ ನಿನಗೇ. ಸಿಮೆಂಟಿನ ಯಜಮಾನರೂ ಒಪ್ಪಿದಾರೆ. ಬೇಕಾದ್ರೆ ಆ ಕೋಣೆ ಬೀಗದ ಕೈ ನಿನ್ನ ಮೇಜಿನ ಮೇಲೇ ಇಟ್ಕೋ. ಹೆಂಗಸರು ನಿನ್ನನ್ನ ಕೇಳ್ತಾರೆ. ಟೈರೂ ತೆಗೆಸ್ತೀನಿ. ಇನ್ನೇನು ಬೇಕು?"

ಅವಳ ಕೈ ನಿಂತಿತು. ಇನ್ನೇನು ಬೇಕು ಎಂಬುದು ಅವಳಿಗೂ ಥಟ್ಟನೆ ಹೊಳೆಯಲಿಲ್ಲ. ಮೈಕು ಸಿಗುತ್ತದೆ, ಸಂಬಳ ಸಿಗುತ್ತದೆ, ಬಯಲಿನ ಅವಮಾನ ಅಲ್ಲಿಗೆ ಮುಗಿಯುತ್ತದೆ, ಕೋಣೆಯೂ ತೆರೆಯುತ್ತದೆ. ಗಂಡನ ಕಡೆ ನೋಡಿದಳು. ಅವನು ಬೀಗದ ಹೊಟ್ಟೆಯೊಳಗೆ ಕಣ್ಣಿಟ್ಟು ಕೂತಿದ್ದ. ಇದು ನಿನ್ನ ಬೀಗ, ನೀನೇ ತೆಗಿ ಎನ್ನುವ ಹಾಗೆ.

"ಮೊನ್ನೆ ನಿಮ್ಮ ಕೈಲಿ ಏನೂ ಇಲ್ಲ ಅಂದ್ರಿ," ಎಂದಳು ಕೊನೆಗೆ.

"ಅದು ಮೊನ್ನೆ."

"ನಾನು ರಜ ಹಾಕಿದ ದಿನ?"

"ಹ್ಞಾಂ?"

"ನನಗೆ ಜ್ವರ ಬಂದ ದಿನ ಬೀಗದ ಕೈ ಯಾರ ಹತ್ರ ಇರತ್ತೆ? ನಾನು ರಿಟೈರಾದ ಮೇಲೆ? ನೀವು ಇವತ್ತು ಕೊಟ್ಟಿದ್ದನ್ನ ನಾಳೆ ಬರೋ ಕಂಟ್ರೋಲರ್ ಕಿತ್ಕೊಂಡ್ರೆ?"

"ಅಷ್ಟು ದೂರ ಯಾಕಮ್ಮ ಯೋಚಿಸ್ತೀಯ?"

"ಯಾಕೆ ಅಂತ ನೀವು ಕೇಳ್ತಾನೇ ಇರ್ತೀರಿ ಸಾರ್. ಅದಕ್ಕೇ ನಾನು ವಾಪಸು ತಗೊಳಲ್ಲ."

ಅವರು ಹೋದ ಮೇಲೆ ಅವಳು ಮತ್ತೆ ಕೀಲಿಗೊಂಚಲು ಉಜ್ಜತೊಡಗಿದಳು. ಗಂಡ ತಲೆ ಎತ್ತದೆ ಹೇಳಿದ: "ಅವರ ಹತ್ರ ಈಗ ಮಾತಾಡಿದ್ಯಲ್ಲ, ಅದು ಮೈಕಿನ ದನಿ ಅಲ್ಲ. ಅದರಲ್ಲಿ ಮಾತಾಡಿದ್ರೆ ಯಾರೂ ಎದ್ದು ಹೋಗಲ್ಲ. ನಾನು ಇಷ್ಟು ವರ್ಷ ಹೋಗಿಲ್ಲ ನೋಡು."

ಆಮೇಲೆ ಅವಳು ಮೈಕು ಮುಟ್ಟಲಿಲ್ಲ, ಬಯಲಿಗೂ ಹೋಗಲಿಲ್ಲ. ಯಜಮಾನರು ಮುಂಬಾಗಿಲಲ್ಲಿ ಕೈ ಮುಗಿದು ಗಂಡಸರ ಮತ ಕೇಳುತ್ತಿದ್ದರೆ, ಇವಳು ಅತ್ತೆಯ ಹಿಂದೆ ಹಿಂಬಾಗಿಲಿನಿಂದ ಅಡುಗೆಮನೆಗಳಿಗೆ ಹೊಕ್ಕಳು. ಆ ಊರಿನಲ್ಲಿ ಮುಂಬಾಗಿಲಿಗೆ ಒಂದು ಮತವಿದ್ದರೆ ಹಿಂಬಾಗಿಲಿಗೆ ಎರಡೋ ಮೂರೋ ಇರುತ್ತಿದ್ದವು. ಯಾರೂ ಆ ಲೆಕ್ಕ ಹಾಕಿರಲಿಲ್ಲ, ಅಷ್ಟೆ. ಅವಳು ಭಾಷಣ ಮಾಡಲಿಲ್ಲ. ತರಕಾರಿ ಹೆಚ್ಚುವವರ ಪಕ್ಕ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದಳು: "ನೀವು ಬಸ್ಸಲ್ಲಿ ಹೋಗೋ ದಿನ, ನೀರು ಕುಡಿಯೋದು ಯಾವಾಗ ನಿಲ್ಲಿಸ್ತೀರಿ?"

ಮೊದಲು ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು. ಆಮೇಲೆ ಒಬ್ಬಳು ಪಕ್ಕನೆ ನಗುತ್ತಿದ್ದಳು. ಆಮೇಲೆ ಬಾಯಿಗಳು ಬಿಚ್ಚಿಕೊಳ್ಳುತ್ತಿದ್ದವು. ಹಿಂದಿನ ದಿನ ಸಂಜೆಯಿಂದಲೇ ನಿಲ್ಲಿಸುತ್ತೇನೆ ಎಂದಳು ಒಬ್ಬಳು. ಬಸುರಿಯಾಗಿದ್ದಾಗ ತವರಿಗೆ ಹೋಗುವುದನ್ನೇ ಬಿಟ್ಟೆ ಎಂದಳು ಇನ್ನೊಬ್ಬಳು. ಅಮ್ಮ ಬಯ್ಯುತ್ತಾಳೆ, ಕಾರಣ ಹೇಗೆ ಹೇಳಲಿ? ಮೂರನೆಯವಳು, ಪ್ರಯಾಣದಲ್ಲಿ ಹಾಗಾಗಬಾರದೆಂದು ಡ್ರೈವರಿನ ಪ್ರತಿ ಬ್ರೇಕಿಗೂ ದೇವರ ಹೆಸರು ಹೇಳುವ ತನ್ನ ಪದ್ಧತಿಯನ್ನು ಅಭಿನಯಿಸಿ ತೋರಿಸಿ, ಅಡುಗೆಮನೆ ಬಿದ್ದುಬಿದ್ದು ನಗುವಂತೆ ಮಾಡಿದಳು. ಪಡಸಾಲೆಯಿಂದ ಗಂಡಂದಿರು, "ಏನದು ಅಷ್ಟು ನಗು?" ಎಂದು ಕೇಳಿದರೆ, "ಏನಿಲ್ಲ, ಬಸ್ಸಿನ ವಿಷಯ," ಎಂದು ಉತ್ತರ.

"ಮನೆಯವರು ಯಜಮಾನರಿಗೇ ಹಾಕು ಅಂದಿದಾರೆ," ಎಂದು ಕೆಲವರು ಪೇಚಾಡಿದರು.

"ಹೂಂ ಅನ್ನು," ಎಂದರು ಅತ್ತೆ. "ಓಟು ಹಾಕೋದು ಪರದೆ ಹಿಂದೆ. ಪರದೆ ಹಿಂದೆ ಏನು ಮಾಡ್ತೀವಿ ಅಂತ ನಮ್ಮನ್ನ ಯಾವ ಗಂಡಸು ಕೇಳಿದಾನೆ ಇಲ್ಲಿತನಕ?"

ಗಂಡಸರೆಲ್ಲ ಒಂದೇ ಎನ್ನುವಂತಿಲ್ಲ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ಒಂದು ಬೆಳಿಗ್ಗೆ ಬೀಗದಂಗಡಿಗೆ ಬಂದು, ಕೆಡದಿರುವ ಬೀಗವೊಂದನ್ನು ರಿಪೇರಿಗೆ ಕೊಟ್ಟು, "ನನ್ನ ಮಗಳು ದಿನಾ ಬಸ್ಸಲ್ಲಿ ಕಾಲೇಜಿಗೆ ಹೋಗ್ತಾಳೆ," ಎಂದಷ್ಟೇ ಹೇಳಿ ಹೋದ.

ಎಣಿಕೆಯ ದಿನ ಭಾವನವರು ಸಿಮೆಂಟಿನ ಯಜಮಾನರ ಪಕ್ಕದಲ್ಲೇ ಕೂತಿದ್ದರು, ಕೈಯಲ್ಲಿ ಹಾರ. ಮೊದಲರ್ಧ ಯಜಮಾನರು ನಗುತ್ತಿದ್ದರು. ಆಮೇಲೆ ನಗು ಕಡಿಮೆಯಾಗಿ, ಸಿಮೆಂಟು ಗಟ್ಟಿಯಾಗುವ ಹಾಗೆ ಮುಖ ನಿಧಾನವಾಗಿ ಗಟ್ಟಿಯಾಯಿತು. ಗೆದ್ದದ್ದು ಮೈಕಕ್ಕ, ಭಾರಿ ಅಂತರದಿಂದಲ್ಲ, ಆದರೆ ಮತ್ತೆ ಎಣಿಸಿ ಎಂದು ಕೇಳಲು ಬಾಯಿ ಬಾರದಷ್ಟು ಅಂತರದಿಂದ. ಯಜಮಾನರು ಎದ್ದು ನಿಂತು, ಅಲ್ಲಿದ್ದ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡಿದರು. ಪ್ರತಿಯೊಬ್ಬರೂ ನಮ್ಮ ಮನೆಯ ಮತವಲ್ಲ ಎನ್ನುವಂತೆ ತಲೆಯಾಡಿಸಿದರು. ಭಾವನವರು ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಮನೆಗೆ ತಂದರು. ಅತ್ತೆ ಅದನ್ನು ಕಸಿದುಕೊಂಡು ಸೊಸೆಗೆ ಹಾಕಿ, "ಅಧ್ಯಕ್ಷರೇ ತಂದಿದ್ದು," ಎಂದು ಬೀದಿಗೆಲ್ಲ ಹೇಳಿದರು.

ಆದರೆ ಗೆದ್ದದ್ದು ಕುರ್ಚಿ. ಕೋಣೆಯ ಬೀಗ ಇನ್ನೂ ಹಾಗೇ ಇತ್ತು. ಪುರಸಭೆಯ ಮೊದಲ ಸಭೆಗೆ ಅವಳು ಹೊತ್ತಿಗೆ ಮುಂಚೆಯೇ ಹೊರಟಳು.

ಪುರಸಭೆಯ ಹಾಲು ಉದ್ದನೆಯದು, ಹಳೇ ಕಾಗದದ ಮತ್ತು ತಲೆಗೆಣ್ಣೆಯ ವಾಸನೆಯದು. ಹೆಂಗಸಿನ ಕುರ್ಚಿ ಎಲ್ಲಿಡಬೇಕೆಂದು ಗೊತ್ತಾಗದ ಜವಾನ ಅದನ್ನು ಮೇಜಿನ ತುದಿಯಲ್ಲಿ, ಅಕ್ಕಪಕ್ಕ ಎರಡೆರಡು ಖಾಲಿ ಕುರ್ಚಿಗಳ ನಡುವೆ, ದ್ವೀಪದಂತೆ ಇಟ್ಟಿದ್ದ. ಇನ್ನೊಂದು ತುದಿಯಲ್ಲಿ, ಪಕ್ಕದ ವಾರ್ಡಿನಿಂದ ಎಂದಿನಂತೆ ಗೆದ್ದು ಮತ್ತೆ ಅಧ್ಯಕ್ಷರಾಗಿದ್ದ ಭಾವನವರು. ಚರಂಡಿ, ಬೀದಿದೀಪ, ಸಂತೆಯ ಸುಂಕ ಎಲ್ಲ ಮುಗಿದ ಮೇಲೆ ಕಾರ್ಯದರ್ಶಿಗಳು, ಹೊಸ ಸದಸ್ಯರು ಏನಾದರೂ ಹೇಳುವುದಿದೆಯೇ ಎಂದರು. ಅವಳು ಎದ್ದಳು.

"ಅಧ್ಯಕ್ಷರೇ."

ಭಾವನವರು ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿದರು. ಅಲ್ಲಿ ಊರಿನ ನಕ್ಷೆ ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ಕಾರ್ಯದರ್ಶಿಗಳಿಗೆ, "ಏನಂತೆ ಕೇಳಿ," ಎಂದರು.

ಕಾರ್ಯದರ್ಶಿಗಳು ನಿಯಮದ ಮನುಷ್ಯರು. ಸೀನುವುದಕ್ಕೂ ಅಪ್ಪಣೆ ಕೇಳುವವರು. "ಸದಸ್ಯರು ಅಧ್ಯಕ್ಷರಿಗೇ ಹೇಳಬೇಕು ಸಾರ್, ಅಧ್ಯಕ್ಷರು ಸದಸ್ಯರಿಗೇ ಉತ್ತರಿಸಬೇಕು. ನಡುವೆ ಯಾರೂ ಬರೋ ಹಾಗಿಲ್ಲ," ಎಂದರು.

ಭಾವನವರು ಮೆಲ್ಲಗೆ ಈ ಕಡೆ ತಿರುಗಿದರು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದವರು ಆ ದಿನ ಮೊದಲ ಸಲ ಒಬ್ಬರ ಮುಖ ಒಬ್ಬರು ನೆಟ್ಟಗೆ ನೋಡಿದರು. ಭಾವನವರ ಹುಬ್ಬು ಥೇಟ್ ಅತ್ತೆಯದು ಎಂದು ಅವಳಿಗೆ ಅನ್ನಿಸಿ, ಯಾಕೋ ಭಯ ಅರ್ಧ ಇಳಿಯಿತು.

"ಹೇಳಿ," ಎಂದರು ಅವರು.

"ಬಸ್‌ಸ್ಟ್ಯಾಂಡಿನಲ್ಲಿರೋ ಹೆಂಗಸರ ಪಾಯಿಖಾನೆ ಬೀಗ ತೆಗೀಬೇಕು. ಅದರಲ್ಲಿರೋ ಟೈರು ಖಾಲಿ ಮಾಡಿಸ್ಬೇಕು, ನಲ್ಲಿ ಹಾಕಿಸ್ಬೇಕು. ನೋಡ್ಕೊಳೋಕೆ ಹೆಂಗಸರನ್ನೇ ಇಡಬೇಕು. ಬಸ್ಸು ಓಡೋ ಹೊತ್ತಲ್ಲೆಲ್ಲ ಬಾಗಿಲು ತೆರೆದಿರಬೇಕು. ಯಾವ ಹೆಂಗಸೂ ಯಾವ ಗಂಡಸನ್ನೂ ಬೀಗದ ಕೈ ಕೇಳೋ ಹಾಗಿರಬಾರದು."

ಇಲಾಖೆಯದಲ್ಲದ ವಾಕ್ಯಗಳು ಒಂದರ ಹಿಂದೊಂದು ಹೊರಟು, ಮೇಜಿನ ಉದ್ದಕ್ಕೂ ಹೋಗಿ ನಿಂತವು. ಒಬ್ಬ ಸದಸ್ಯರು ಕನ್ನಡಕ ಒರೆಸತೊಡಗಿದರು. ಇನ್ನೊಬ್ಬರು ಪೆನ್ನು ಬೀಳಿಸಿ ಅದನ್ನು ಹುಡುಕಲು ಮೇಜಿನ ಕೆಳಗೆ ಹೋದವರು ಅಲ್ಲೇ ಉಳಿದರು. ಸಿಮೆಂಟಿನ ಯಜಮಾನರ ಗೆಳೆಯರಲ್ಲೊಬ್ಬರು, ಔಷಧಿ ಅಂಗಡಿಯವರು, ಗಂಟಲು ಸರಿಮಾಡಿಕೊಂಡು ಎದ್ದರು.

"ನನ್ನ ವಿರೋಧ ಇದೆ."

ಕಾರ್ಯದರ್ಶಿಗಳು ಪೆನ್ನು ತೆರೆದರು. "ಯಾವುದಕ್ಕೆ ವಿರೋಧ ಅಂತ ಬರ್ಕೊಳ್ಳಲಿ ಸಾರ್?"

"ಈಗ ಹೇಳಿದ್ರಲ್ಲ, ಅದಕ್ಕೆ."

"ಅದಕ್ಕೆ ಅಂತ ಬರೆಯೋ ಹಾಗಿಲ್ಲ. ವಿರೋಧಿಸೋ ಸದಸ್ಯರು ವಿಷಯವನ್ನ ತಮ್ಮ ಬಾಯಲ್ಲೇ ಹೆಸರಿಸಬೇಕು. ನಿಯಮ."

ಔಷಧಿ ಅಂಗಡಿಯವರ ಬಾಯಿ ತೆರೆಯಿತು. ದ್ವೀಪದಲ್ಲಿ ನಿಂತ ಹೆಂಗಸಿನ ಕಡೆ ನೋಡಿದರು, ಛಾವಣಿ ನೋಡಿದರು, ಸ್ತ್ರೀ ಎಂಬಂತೆ ಒಂದು ಸದ್ದು ಹೊರಡಿಸಿದರು, ಬೆವರೊರೆಸಿಕೊಂಡರು, ಕೂತರು.

ವರ್ಷಗಟ್ಟಲೆ ಆ ವಿಷಯ ಸಭೆಗೆ ಬಾರದಂತೆ ತಡೆದ ಸಂಕೋಚವೇ ಈಗ ಅದರ ಎದುರು ಒಂದು ಮಾತೂ ಏಳದಂತೆ ನೋಡಿಕೊಂಡಿತು. ಗಂಡಸರ ಪಾಯಿಖಾನೆಯ ಹಂಚಿನ ಬಣ್ಣದ ಬಗ್ಗೆ ಗಂಟೆಗಟ್ಟಲೆ ಕಾದಾಡಿದ್ದ ಸಭೆ, ಇದರ ಖರ್ಚೆಷ್ಟು ಎಂದು ಕೂಡ ಕೇಳಲಿಲ್ಲ. ಕೇಳಬೇಕಾದರೆ ಯಾವುದರ ಖರ್ಚು ಎಂದು ಹೇಳಬೇಕಲ್ಲ.

"ಒಪ್ಪಿಗೆ ಇರೋರು ಕೈ ಎತ್ತಿ," ಎಂದರು ಭಾವನವರು, ಮತ್ತು ಎಲ್ಲರಿಗಿಂತ ಮೊದಲು ತಾವೇ ಎತ್ತಿದರು. ಉಳಿದ ಕೈಗಳೂ ಸರಸರನೆ ಎದ್ದವು. ಮೇಜಿನ ಕೆಳಗಿನಿಂದಲೂ ಒಂದು ಬಂತು. ಕಾರ್ಯದರ್ಶಿಗಳು, ಸರ್ವಾನುಮತ, ಎಂದು ಬರೆದು ಕೆಳಗೆ ಗೆರೆ ಎಳೆದರು. ಅವಳು ಕೂರಲಿಲ್ಲ. ಈ ಹಾಲಿನಲ್ಲಿ ಕೆಲಸವಾಗುವ ದಾರಿ ಯಾವುದೆಂದು ಅವಳಿಗೆ ಈಗಷ್ಟೇ ತಿಳಿದಿತ್ತು. ಹೀಗೆ ಯಾರ ಬಾಯಲ್ಲೂ ಹೊರಡದ ವಿಷಯಗಳು ಊರಿನ ಅಡುಗೆಮನೆಗಳಲ್ಲಿ ಇನ್ನೆಷ್ಟು ಬಿದ್ದಿವೆ ಎನ್ನುವುದೂ ಗೊತ್ತಿತ್ತು.

"ಮತ್ತೇನಾದರೂ ಇದೆಯಾ?" ಎಂದು ಕೇಳಿದರು ಭಾವನವರು, ನೇರವಾಗಿ ಅವಳನ್ನೇ, ಸ್ವಲ್ಪ ಹೆದರಿಕೆಯಿಂದ.

"ಇದೆ," ಎಂದಳು ಅವಳು. "ಹೆಣ್ಣುಮಕ್ಕಳ ಶಾಲೇಲಿ..."

ವಾಕ್ಯ ಮುಗಿಯುವ ಮೊದಲೇ ಔಷಧಿ ಅಂಗಡಿಯವರ ಕೈ ಒಪ್ಪಿಗೆಗೆಂದು ಮೇಲೆದ್ದಿತ್ತು.